ಬಿಸಿಲಿನ ಫ್ರಿಡ್ಜು, ಬಚ್ಚಲಲ್ಲಿ ಮೀನು

ನಾನು ಹೊಳಲ್ಕೆರೆಯ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಇನ್ಸುಲಿನ್ ಕೊಳ್ಳಲು ಬಂದವರಿಗೆ ಸೀಸೆಯ ಜೊತೆ ಐಸಿನ ಪೊಟ್ಟಣ ಸುತ್ತಿಕೊಟ್ಟು, ಮನೆಗೆ ಹೋದ ಕೂಡಲೇ ಫ್ರಿಡ್ಜಿನಲ್ಲಿಡಿ, ಐಸ್ ಆಗುವ ಕಡೆ ಮಾತ್ರ ಇಡಬೇಡಿ ಎಂದು ಹೇಳುವುದು ನನ್ನ ದಿನದ ಪಾಠ. ಹಳ್ಳಿಗಳಿಂದ ಬಂದವರಲ್ಲಿ ಕೆಲವರು ಮನೆಯಲ್ಲಿ ಫ್ರಿಡ್ಜ್ ಇಲ್ಲ ಎನ್ನುತ್ತಾರೆ. ಆಗ ನಮ್ಮ ಮಾಲೀಕರು ಒಳಗಿನಿಂದಲೇ, "ಪಕ್ಕದ ಮನೇಲಿ ಇಡ್ರಿ, ಯಾರು ಬ್ಯಾಡ ಅಂತಾರೆ" ಎನ್ನುತ್ತಾರೆ. ಅವರ ಮಾತಿನಲ್ಲಿ ತಪ್ಪಿಲ್ಲ. ಯಾರೂ ಬೇಡ ಎನ್ನುವುದಿಲ್ಲ. ನಮಗೂ ಯಾರೂ ಬೇಡ ಎಂದಿರಲಿಲ್ಲ.

ನಮ್ಮ ಮನೆ ಇರುವುದು ರಾಮಗಿರಿಯ ಹತ್ತಿರ, ಊರು ಮುಗಿದು ರೈಲು ಹಳಿ ಕಾಣುವ ಕಡೆ. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು. ಹಳಿಯ ಮೇಲೆ ನಡೆದು ನಡೆದು, ನಿವೃತ್ತಿಯಾದ ಮೇಲೂ ಹಳಿ ಕಾಣದಿದ್ದರೆ ನಿದ್ದೆ ಬರುವುದಿಲ್ಲ ಎಂದು ಆ ಜಾಗವನ್ನೇ ಹಿಡಿದು ಮನೆ ಕಟ್ಟಿಸಿದರು. ಮನೆಯಲ್ಲಿ ನಾವು ಮೂವರು: ಅಪ್ಪ, ಅವ್ವ, ನಾನು. ಕರೆಂಟಿನ ಲೈನು ನಮ್ಮ ಮನೆಗೆ ಬಂದು ಮುಗಿಯುತ್ತದೆ. ಹಾಗಾಗಿ ಎಲ್ಲರ ಮನೆಯ ಮೋಟಾರು ಓಡಿ ಉಳಿದ ಕರೆಂಟು ನಮ್ಮದು. ಸಂಜೆ ಬಲ್ಬು ಕುಂಬಳದ ಹೂವಿನ ಬಣ್ಣಕ್ಕೆ ತಿರುಗುತ್ತಿತ್ತು.

ಅಪ್ಪನಿಗೆ ಸಕ್ಕರೆ ಕಾಯಿಲೆ ಮೊದಲಿನಿಂದ ಇತ್ತು. ಮಾತ್ರೆ ಸಾಲದೆ ಸೂಜಿ ಶುರುವಾದಾಗ ಚಿತ್ರದುರ್ಗದಿಂದ ಒಂದು ಹಳೆಯ ಫ್ರಿಡ್ಜ್ ತಂದೆವು. ಯಾರೋ ಬಳಸಿ ಬಿಟ್ಟದ್ದು. ಅದು ಶುರುವಾದರೆ ಗೋಡೆಗೆ ಒರಗಿಸಿದ್ದ ಮೊರ ನಡುಗುತ್ತಿತ್ತು. ವೋಲ್ಟೇಜ್ ಇಳಿದಾಗ ಕೆಮ್ಮಿ ನಿಲ್ಲುವುದು, ಏರಿದಾಗ ಮತ್ತೆ ಎದ್ದು ನಡುಗುವುದು. ಹೀಗೇ ಏಳುತ್ತ ಬೀಳುತ್ತ ಒಂದು ಬೇಸಿಗೆಯಲ್ಲಿ ಸುಟ್ಟ ವಾಸನೆ ಬಂದು ತಣ್ಣಗಾಯಿತು. ತಣ್ಣಗಾಯಿತು ಎಂದರೆ ಸತ್ತಿತು. ರಿಪೇರಿಯವನು ಬಂದು, ಈ ಕರೆಂಟಿನಲ್ಲಿ ಹೊಸ ಕಂಪ್ರೆಸರ್ ಹಾಕಿದರೂ ಇದೇ ಗತಿ ಎಂದು ಹೇಳಿ ಹೋದ.

ಅವ್ವ ಮಡಕೆಯಲ್ಲಿ ಮರಳು ತುಂಬಿ ನೀರು ಚಿಮುಕಿಸಿ ಅದರೊಳಗೆ ಸೀಸೆ ಇಟ್ಟಳು. ಚಳಿಗಾಲದಲ್ಲಾದರೆ ಅಷ್ಟೇ ಸಾಕಾಗುತ್ತಿತ್ತೇನೋ. ನಮ್ಮ ಕಡೆಯ ಬೇಸಿಗೆಗೆ ಸಾಲಲಿಲ್ಲ. ಸೂಜಿ ಹಾಕಿಸಿಕೊಂಡೂ ಅಪ್ಪನ ಸಕ್ಕರೆ ಏರುತ್ತ ಹೋಯಿತು. ಔಷಧಿ ಬಿಸಿಗೆ ಕೆಟ್ಟಿದೆ, ಇದನ್ನು ಕೊಡುವುದೂ ಬಿಡುವುದೂ ಒಂದೇ ಎಂದು ಡಾಕ್ಟರು ಗದರಿದರು. ಅಂಗಡಿಯಲ್ಲಿ ಊರಿಗೆಲ್ಲ ಪಾಠ ಹೇಳುವವಳು ಅಪ್ಪನ ಪಕ್ಕ ತಲೆ ತಗ್ಗಿಸಿ ನಿಂತಿದ್ದೆ.

ಆಮೇಲೆ ಸೀಸೆ ಅಮ್ಮಾರ ಮನೆಗೆ ಹೋಯಿತು.

ಅಮ್ಮಾರು ಎಂದರೆ ನಮ್ಮ ಮನೆಗೆ ಎಲ್ಲಕ್ಕಿಂತ ಹತ್ತಿರವಿರುವ ಮನೆಯ ಯಜಮಾನಿ. ಗಂಡ ಮೇಷ್ಟ್ರಾಗಿ ನಿವೃತ್ತರಾದವರು. ಅವರ ಮನೆಯಲ್ಲಿ ಮೊಟ್ಟೆಯ ಮಾತೂ ಆಡುವಂತಿಲ್ಲ. ನಾವು ಎಲ್ಲವನ್ನೂ ತಿನ್ನುವವರು. ಇದು ಎರಡೂ ಮನೆಗೆ ಗೊತ್ತಿತ್ತು, ಯಾರೂ ಆಡಿ ತೋರಿಸುತ್ತಿರಲಿಲ್ಲ. ಅವ್ವ ಕೇಳಿದ ತಕ್ಷಣ ಅಮ್ಮಾರು ಒಪ್ಪಿದರು. "ಜೀವದ ವಿಷಯ, ಅದಕ್ಯಾಕೆ ಅಷ್ಟು ಕೇಳ್ತೀಯ" ಎಂದರಂತೆ. ಅವ್ವನಿಗೂ ಅವರಿಗೂ ಹೆಚ್ಚು ಕಡಿಮೆ ಒಂದೇ ವಯಸ್ಸು. ಅವರು ನೀನು ಎನ್ನುತ್ತಿದ್ದರು, ಅವ್ವ ನೀವು ಎನ್ನುತ್ತಿದ್ದಳು.

ನಮ್ಮ ಸೀಸೆಗೆಂದೇ ಅವರು ಮುಚ್ಚಳವಿರುವ ಒಂದು ಸ್ಟೀಲ್ ಡಬ್ಬಿ ತೆಗೆದಿಟ್ಟರು. ಬೇರೆ ಡಬ್ಬಿಗಳ ಜೊತೆ ಬೆರೆಯದಿರಲೆಂದು ಅದರ ಕುತ್ತಿಗೆಗೆ ಕೆಂಪು ದಾರ ಕಟ್ಟಿದರು. ನಾನು ಬೆಳಿಗ್ಗೆ ಬಸ್ಸಿಗೆ ಹೊರಡುವ ಮೊದಲು ಅವರ ಹಿತ್ತಲಿಗೆ ಹೋಗಿ ಕೂಗುತ್ತಿದ್ದೆ. ಅವರು ಡಬ್ಬಿ ತಂದು ಒಗೆಯುವ ಕಲ್ಲಿನ ಮೇಲಿಡುತ್ತಿದ್ದರು. ನಾನು ಎತ್ತಿಕೊಂಡು ಬಂದು ಅಪ್ಪನಿಗೆ ಸೂಜಿ ಹಾಕಿ, ಮತ್ತೆ ಒಯ್ದು ಕಲ್ಲಿನ ಮೇಲೆಯೇ ಇಡುತ್ತಿದ್ದೆ. ಅವರು ಚೊಂಬಿನಿಂದ ಡಬ್ಬಿಯ ಮೇಲೆ ನೀರು ಹಾಕಿ, ಸೆರಗಿನಿಂದ ಒರೆಸಿ ಒಳಗೊಯ್ಯುತ್ತಿದ್ದರು. ಹಾಗೆ ಮಾಡುತ್ತಲೇ ಅಪ್ಪನ ಕಾಲಿನ ಗಾಯ ಮಾಗಿತೇ, ಅನ್ನ ಕಡಿಮೆ ಮಾಡಿದ್ದಾರೆಯೇ ಎಂದು ವಿಚಾರಿಸುತ್ತಿದ್ದರು. ಆ ವಿಚಾರಿಸುವುದು ಸುಳ್ಳಲ್ಲ. ಆ ನೀರೂ ಸುಳ್ಳಲ್ಲ. ಸಂಜೆ ಅದೇ ಇನ್ನೊಂದು ಸಲ. ನಾನು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅದನ್ನು ಮರೆಯಲು ನೋಡುತ್ತಿದ್ದೆ. ಉಪಕಾರ ಮಾಡಿದವರ ಮೇಲೆ ಸಿಟ್ಟು ಬರುವುದು ಎಂಥ ಕೆಟ್ಟ ಬುದ್ಧಿ ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ಕೂಗಿದರೆ ಯಾರೂ ಬರಲಿಲ್ಲ. ಮುಂದಿನ ಬಾಗಿಲಿಗೆ ಬೀಗ ಬಿದ್ದಿತ್ತು. ದಾವಣಗೆರೆಯಲ್ಲಿದ್ದ ಅವರ ಮಗಳಿಗೆ ದಿನ ತುಂಬುವ ಮೊದಲೇ ನೋವು ಶುರುವಾಗಿ, ಗಂಡ ಹೆಂಡತಿ ರಾತ್ರೋರಾತ್ರಿ ಹೊರಟುಹೋಗಿದ್ದರು. ಅಂಥ ಹೊತ್ತಲ್ಲಿ ನಮ್ಮ ಸೀಸೆಯ ನೆನಪು ಯಾರಿಗಿರುತ್ತದೆ? ಅವರನ್ನು ದೂರುವಂತಿರಲಿಲ್ಲ. ನಾನು ಅಂಗಡಿಯಿಂದ ಹೊಸ ಸೀಸೆ ತಂದು ಫ್ಲಾಸ್ಕಿನಲ್ಲಿ ಐಸು ತುಂಬಿ ಇಟ್ಟೆ. ಐಸು ಕರಗುವುದನ್ನು ನೋಡುತ್ತ ಅವ್ವ ಕೂತಿದ್ದಳು. ಬೀಗದ ಮನೆಯ ಕಡೆ ನೋಡಿ ಅಪ್ಪ ಹೇಳಿದರು:

"ಕಂಡೋರ ಪೆಟ್ಟಿಗೇಲಿ ನನ್ನ ಜೀವ ಇಡೋದು ಸಾಕು ಕಣವ್ವ. ನಮ್ಮದು ಅಂತ ಒಂದು ತರಾಣ."

ಈ ಕರೆಂಟಿನಲ್ಲಿ ತಂದು ಏನು ಮಾಡುವುದು ಎಂದು ನಾನು ಕೇಳಿದೆ. ಅವರು ಕೈ ಎತ್ತಿ ಮೇಲೆ ತೋರಿಸಿದರು. ಸೂರ್ಯನನ್ನು. ಸಿಗ್ನಲ್ ದೀಪಗಳಿಗೆ ರೈಲ್ವೆಯವರು ಸೋಲಾರ್ ಹಲಗೆ ಹಾಕಿದ್ದನ್ನು ಅವರು ಕೆಲಸದಲ್ಲಿದ್ದಾಗಲೇ ನೋಡಿದ್ದರು. ದೀಪ ಉರಿಯುವುದಾದರೆ ಫ್ರಿಡ್ಜ್ ಯಾಕೆ ಓಡಬಾರದು ಎಂಬುದು ಅವರ ಲೆಕ್ಕ.

ಚಿತ್ರದುರ್ಗದ ಸೋಲಾರ್ ಅಂಗಡಿಗೆ ನಾವಿಬ್ಬರೂ ಹೋದೆವು. ಅಂಗಡಿಯವರು ತೋರಿಸಿದ್ದು ನಿಂತ ಬೀರುವಿನಂಥದ್ದಲ್ಲ. ಮೇಲಿನಿಂದ ಮುಚ್ಚಳ ತೆಗೆಯುವ ಪೆಟ್ಟಿಗೆ. ಗೋಡೆ ದಪ್ಪ, ಒಳಗಿನ ತಂಪು ಹೊರಗೆ ಹೋಗದು. ಕಂಪ್ರೆಸರ್ ಸಣ್ಣದು, ಬೇಕಾದಷ್ಟೇ ಓಡುತ್ತದೆ. ಮನೆಯ ಕರೆಂಟಿಗೆ ಸಂಬಂಧವೇ ಇಲ್ಲ, ಬಿಸಿಲಿನಿಂದ ಬ್ಯಾಟರಿ ತುಂಬಿ ಅದರಿಂದಲೇ ನಡೆಯುತ್ತದೆ ಎಂದು ವಿವರಿಸಿದರು. ನಮ್ಮ ಹಳೆಯ ಫ್ರಿಡ್ಜ್ ಒಂದು ಹಗಲಿಗೆ ಕುಡಿಯುತ್ತಿದ್ದ ಕರೆಂಟಿನಲ್ಲಿ ಇದು ಎಷ್ಟೋ ದಿನ ಬದುಕುತ್ತದಂತೆ. ಅಪ್ಪ ಬಗ್ಗಿ ಅದರೊಳಗೆ ಕೈ ಇಟ್ಟು ಬಹಳ ಹೊತ್ತು ತೆಗೆಯಲೇ ಇಲ್ಲ.

ಮನೆಯ ಮಾಳಿಗೆಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ಹಲಗೆಗಳು ಕೂತವು. ಪೆಟ್ಟಿಗೆ ಅಡಿಗೆಮನೆಗೆ ಬಂತು. ಶುರು ಮಾಡಿದ ಮೇಲೂ ಸದ್ದೇ ಇಲ್ಲದ್ದರಿಂದ ಅವ್ವನಿಗೆ ನಂಬಿಕೆ ಬರಲಿಲ್ಲ. ಕಿವಿ ಹಚ್ಚಿ ಕೇಳಿ, "ಉಸಿರೇ ಇಲ್ವಲ್ಲೇ ಇದಕ್ಕೆ" ಎಂದಳು. ಮರುದಿನ ಮುಚ್ಚಳ ತೆಗೆದು ಮಜ್ಜಿಗೆಯ ಪಾತ್ರೆ ಮುಟ್ಟಿದಾಗ ಕೈ ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಆ ಪೆಟ್ಟಿಗೆ ಅವಳದಾಯಿತು. ವಾರಕ್ಕೊಮ್ಮೆ ಮಾಳಿಗೆ ಹತ್ತಿ ಒದ್ದೆ ಬಟ್ಟೆಯಿಂದ ಹಲಗೆ ಒರೆಸುವಳು. ನಾನು ಸೀಸೆ ತೆಗೆಯಲು ಮುಚ್ಚಳ ಎತ್ತಿದರೆ, ಬೇಗ ಮುಚ್ಚು, ಬಿಸಿಲು ಸುಮ್ಮನೆ ಬರುತ್ತದಾ ಎನ್ನುವಳು.

ನಾನು ಅಮ್ಮಾರ ಹಿತ್ತಲಿಗೆ ಹೋಗುವುದು ನಿಂತಿತು. ಅವರು ದಾವಣಗೆರೆಯಿಂದ ವಾಪಸು ಬಂದು, ನಮ್ಮ ಸೀಸೆ ಒಳಗೇ ಉಳಿದದ್ದಕ್ಕೆ ಎಷ್ಟೋ ನೊಂದುಕೊಂಡರು. ಹೊಸ ಫ್ರಿಡ್ಜಿನ ಸುದ್ದಿ ಕೇಳಿ, ಒಳ್ಳೆಯದಾಯಿತು ಎಂದರು. ನನಗೋ ಒಂದು ಹೊರೆ ಇಳಿದಂತಾಗಿತ್ತು. ಇನ್ನು ಆ ವಿಷಯ ಮುಗಿಯಿತು ಎಂದುಕೊಂಡೆ.

ಮುಂದಿನ ಬೇಸಿಗೆಯ ಕೊನೆಗೆ, ಮಳೆಗಾಲಕ್ಕೆ ಮೊದಲು ನಮ್ಮ ಕಡೆ ಗಾಳಿಮಳೆ ಬರುತ್ತದಲ್ಲ, ಆ ಸಲ ಬಂದದ್ದು ಮರಗಳನ್ನು ತಿರುಚಿ ಹಾಕಿತು. ಕಂಬಗಳು ಬಿದ್ದವು, ಊರಿಗೆ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರು, ಅಂದರೆ ಟೀಸಿ, ಸುಟ್ಟಿತು. ಹೊಸ ಟೀಸಿ ಬಂದು ಕೂರುವ ತನಕ ಕರೆಂಟಿಲ್ಲ ಎಂದು ಲೈನ್‌ಮನ್ ಹೇಳಿಹೋದ. ಊರೆಲ್ಲ ಕತ್ತಲು. ನಮ್ಮ ಅಡಿಗೆಮನೆಯ ಪೆಟ್ಟಿಗೆಯ ಹಸಿರು ದೀಪ ಮಾತ್ರ ಏನೂ ಆಗಿಲ್ಲವೆಂಬಂತೆ ಉರಿಯುತ್ತಿತ್ತು. ಅಪ್ಪನಿಗೆ ಒಳಗೊಳಗೇ ಹೆಮ್ಮೆ. ನನಗೂ ಇತ್ತು, ಇಲ್ಲವೆನ್ನಲಾರೆ.

ಆ ಶನಿವಾರ ಬೈಕಿನಲ್ಲಿ ಕೆರೆ ಮೀನು ಮಾರುವವನು ಬಂದ. ಕರೆಂಟಿಲ್ಲದ ಊರಲ್ಲಿ ಯಾರೂ ಹೆಚ್ಚು ಕೊಳ್ಳದೆ ಅವನ ಬುಟ್ಟಿಯಲ್ಲಿ ಬಹಳ ಉಳಿದಿತ್ತು. ಅವ್ವ ದೊಡ್ಡ ಮನಸ್ಸು ಮಾಡಿ ಜಾಸ್ತಿಯೇ ಕೊಂಡಳು. ಅರ್ಧ ಸಾರಾಯಿತು. ಉಳಿದರ್ಧಕ್ಕೆ ಉಪ್ಪು ಅರಿಶಿನ ಹಚ್ಚಿ ಅಲ್ಯೂಮಿನಿಯಂ ಡಬ್ಬಿಯಲ್ಲಿ ಫ್ರಿಡ್ಜಿಗೆ ಇಟ್ಟಳು.

ಭಾನುವಾರ ಬೆಳಿಗ್ಗೆ ನಾನು ಅಡಿಗೆಮನೆಯಲ್ಲಿದ್ದೆ. ಕಿಟಕಿಯಿಂದ ನೋಡಿದರೆ ಅಮ್ಮಾರು ನಮ್ಮ ಮನೆಯ ಕಡೆಗೆ ಬರುತ್ತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಒಂದು ಪುಟ್ಟ ಬಾಟಲಿ. ಅವರು ನಮ್ಮ ಮನೆಗೆ ಬಂದವರೇ ಅಲ್ಲ. ಏನಿದ್ದರೂ ಬೇಲಿಯ ಹತ್ತಿರ ನಿಂತು ಕರೆಯುವವರು. ಮೊಮ್ಮಗ ಬಂದಿರುವುದು ನನಗೆ ಗೊತ್ತಿತ್ತು; ಮಗುವಿಗೆ ಎದೆಯಲ್ಲಿ ಕಫ ಕಟ್ಟಿದೆ ಎಂದು ಅವ್ವ ಹೇಳಿದ್ದಳು. ಬಾಟಲಿ ನೋಡಿದ ಕೂಡಲೇ ಅದು ನೀರು ಬೆರೆಸಿ ತಯಾರಿಸುವ ಮಕ್ಕಳ ಸಿರಪ್ ಎಂದು ಗುರುತು ಹಿಡಿದೆ. ಬೆರೆಸಿದ ಮೇಲೆ ಅದನ್ನು ತಂಪಿನಲ್ಲೇ ಇಡಬೇಕು. ಅವರು ಯಾಕೆ ಬರುತ್ತಿದ್ದಾರೆಂದು ಕೇಳುವುದೇ ಬೇಕಿರಲಿಲ್ಲ.

ಮುಂದೆ ನಾನು ಮಾಡಿದ್ದನ್ನು ನಾನು ಯೋಚಿಸಿ ಮಾಡಲಿಲ್ಲ. ಕೈಯೇ ಮಾಡಿತು. ಮುಚ್ಚಳ ಎತ್ತಿ ಮೀನಿನ ಡಬ್ಬಿ ತೆಗೆದೆ. ಬಚ್ಚಲಿಗೆ ಓಡಿ, ಬಟ್ಟೆ ಒಗೆಯುವ ಬಕೆಟ್ಟಿನ ಹಿಂದೆ ಅದನ್ನಿಟ್ಟು ಮೇಲೆ ಬುಟ್ಟಿ ಬೋರಲು ಹಾಕಿದೆ. ವಾಪಸು ಬಂದು ಫ್ರಿಡ್ಜಿನ ಒಳಗನ್ನು ಬಟ್ಟೆಯಿಂದ ಒರೆಸಿದೆ, ನಿಂಬೆ ಹೋಳಿನಿಂದ ಉಜ್ಜಿದೆ. ಪಡಸಾಲೆಯಲ್ಲಿ ಮಂಚದ ಮೇಲೆ ಕೂತಿದ್ದ ಅಪ್ಪನ ಎದುರಿನಿಂದಲೇ ಓಡಿದ್ದೆ, ಅವರ ಎದುರಿನಿಂದಲೇ ವಾಪಸು ಬಂದಿದ್ದೆ. ಅವರ ಮುಖ ನೋಡಲಿಲ್ಲ.

ಅಮ್ಮಾರು ಬಾಗಿಲಲ್ಲಿ ನಿಂತರು. ಅವ್ವ ಚಾಪೆ ಹಾಸಿ, "ಬರ್ರಿ ಅಮ್ಮಾರೆ, ಕುಂತ್ಕಳ್ರಿ" ಎಂದಳು. ಅವರು ಕೂರಲಿಲ್ಲ. ಮಗುವಿಗೆ ಜ್ವರ ಬಿಟ್ಟು ಬಿಟ್ಟು ಬರುತ್ತಿದೆ, ಇದನ್ನು ತಂಪಿನಲ್ಲಿಡದಿದ್ದರೆ ಕೆಡುತ್ತದೆ ಎಂದು ಡಾಕ್ಟರು ಹೇಳಿದ್ದಾರೆ, ತಮ್ಮ ಫ್ರಿಡ್ಜ್ ಬಿಸಿ ಪೆಟ್ಟಿಗೆಯಾಗಿ ಕೂತಿದೆ ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಕೇಳಲು ಬಂದವರ ದನಿ ಎಂಥದ್ದೆಂದು ನನಗೆ ಗೊತ್ತಿದ್ದರಿಂದ ಅದು ಕೂಡಲೇ ಗುರುತು ಸಿಕ್ಕಿತು. "ಅದಕ್ಕೇನಂತೆ, ಕೊಡ್ರಿ" ಎಂದು ನಾನು ಕೈ ಚಾಚಿದೆ. ಬೇಕಿದ್ದರೆ ಒಳಗೆ ಬಂದು ನೋಡಿ, ಎಲ್ಲ ಸ್ವಚ್ಛವಾಗಿದೆ ಎಂದೂ ಸೇರಿಸಿದೆ. ಆ ಮಾತನ್ನು ಯಾರು ಕೇಳಿದ್ದರು?

ಅವರು ಅಡಿಗೆಮನೆಯ ಹೊಸ್ತಿಲ ತನಕ ಬಂದರು. ಅವ್ವ ನನಗಿಂತ ಮೊದಲೇ ಹೋಗಿ ಮುಚ್ಚಳ ಎತ್ತಿದಳು. ಒಳಗೆ ನೋಡಿ ಬೆರಗಾಗಿ, ಏನೂ ಅರಿಯದೆ ಕೇಳಿಬಿಟ್ಟಳು:

"ಇಲ್ಲಿದ್ದ ಮೀನೆಲ್ಲೇ?"

ನನ್ನ ಕಣ್ಣು ಬಚ್ಚಲಿನ ಕಡೆ ಹೋಯಿತು. ಅವ್ವ ನನ್ನ ಮುಖ ನೋಡಿದಳು, ನನ್ನ ಕೈಯಲ್ಲಿದ್ದ ನಿಂಬೆ ಹೋಳು ನೋಡಿದಳು. ಅಮ್ಮಾರು ನೆಲ ನೋಡಿದರು. ನಮ್ಮ ಮನೆ, ನಮ್ಮ ಬಿಸಿಲಿನಿಂದ ಓಡುವ ನಮ್ಮ ಪೆಟ್ಟಿಗೆ, ಅವ್ವ ಆಸೆಪಟ್ಟು ಕೊಂಡ ಮೀನು. ಅದನ್ನು ನಾನು ಕದ್ದ ಮಾಲಿನಂತೆ ಬಚ್ಚಲಲ್ಲಿ ಬಚ್ಚಿಟ್ಟು ಬಂದಿದ್ದೆ.

ಅವ್ವ ಬಚ್ಚಲಿಗೆ ಹೋದಳು. ಬುಟ್ಟಿ ಎತ್ತಿದ ಸದ್ದಾಯಿತು. ಡಬ್ಬಿ ತಂದು, ಸೆರಗಿನಿಂದ ಒರೆಸಿ, ಅಮ್ಮಾರು ನೋಡುತ್ತಿದ್ದಂತೆಯೇ ಫ್ರಿಡ್ಜಿನ ಒಂದು ಮೂಲೆಗಿಟ್ಟಳು. ಆಮೇಲೆ ಅವರ ಕಡೆ ತಿರುಗಿ ಮೆತ್ತಗೆ ಹೇಳಿದಳು:

"ನಮ್ಮನೇದು ಹಿಂಗೈತೆ ಅಮ್ಮಾರೆ. ಮೀನೂ ಐತೆ, ನಮ್ಮನೆಯವರ ಔಷಧಿನೂ ಐತೆ. ನಿಮಗೆ ಒಪ್ಪಿಗೆ ಆದ್ರೆ ಈ ಮೂಲೇಲಿ ಇಡ್ತೀನಿ. ಇಲ್ಲಾಂದ್ರೆ ಇವಳು ಫ್ಲಾಸ್ಕಿನಾಗೆ ಐಸು ಹಾಕಿ ಕೊಡ್ತಾಳೆ, ಅದರಾಗೂ ಇಡಬೌದು. ಬ್ಯಾಸರ ಮಾಡ್ಕಬ್ಯಾಡ್ರಿ."

ಅದರಲ್ಲಿ ಸಿಟ್ಟೂ ಇರಲಿಲ್ಲ, ಚುಚ್ಚೂ ಇರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಅಮ್ಮಾರು ಚೀಲದ ಬಾಯಿ ಬಿಚ್ಚಿದರು, ಮತ್ತೆ ಕಟ್ಟಿದರು. ಅವರ ಮನೆಯ ಕಡೆಯಿಂದ ಮಗು ಅಳುವುದು ಸಣ್ಣಗೆ ಕೇಳುತ್ತಿತ್ತು. ಕೊನೆಗೆ ಚೀಲಕ್ಕೆ ಇನ್ನೊಂದು ಬಿಗಿಯಾದ ಗಂಟು ಹಾಕಿ, ಅದನ್ನು ಅವ್ವನ ಕೈಯಲ್ಲೇ ಇಟ್ಟರು.

"ಇಡವ್ವ" ಎಂದರು. "ಮಗೀಗೆ ವಾಸಿ ಆದ್ರೆ ಸಾಕು."

ಅಮ್ಮಾರು ಹೋದ ಮೇಲೆ ಅವ್ವ ಒಲೆ ಹಚ್ಚಿದಳು. ಮೀನು ಹುರಿದಳು. ನನಗೆ ಬಯ್ಯಲಿಲ್ಲ, ಬೈದಿದ್ದರೆ ಹಗುರಾಗುತ್ತಿದ್ದೆ. ತಟ್ಟೆ ಮುಂದಿಟ್ಟಾಗ ನಾನು ಅದನ್ನು ಪಕ್ಕಕ್ಕೆ ಸರಿಸಿದೆ. ಅಪ್ಪ ಉಂಡು ಕೈ ತೊಳೆದು ಬಂದು ನನ್ನ ಹತ್ತಿರ ಕೂತರು. ಗ್ಯಾಂಗಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಊಟದ ಹೊತ್ತಿಗೆ ಎಲ್ಲರೂ ಒಂದು ಮರದ ಕೆಳಗೆ ಕೂರುತ್ತಿದ್ದರಂತೆ. ಅಪ್ಪ ಮಾತ್ರ ಬುತ್ತಿ ತೆಗೆದುಕೊಂಡು ಸೇತುವೆಯ ಕೆಳಗೆ ಹೋಗುತ್ತಿದ್ದರಂತೆ. ಹೋಗು ಎಂದು ಯಾರೂ ಹೇಳಿರಲಿಲ್ಲ.

"ನನ್ನ ಕಾಲೇ ನನ್ನ ಕರ್ಕಂಡು ಹೋಗೋದು" ಎಂದರು. "ಅದು ನನಗೇ ಮುಗೀಲಿ ಅಂತಿದ್ದೆ ಕಣವ್ವ. ಇವತ್ತು ನೀನು ಓಡಿದ್ದು ನೋಡಿ ನಂಗೆ ನಾಚ್ಕೆ ಆತು. ನಿನ್ನ ಬಗ್ಗೆ ಅಲ್ಲ."

ನಾನು ಅತ್ತೆ. ಅವರು ಎದ್ದು ಹೊರಗೆ ಹೋಗಿ, ಬಹಳ ಹೊತ್ತು ಹಳಿಯ ಕಡೆ ನೋಡುತ್ತ ನಿಂತಿದ್ದರು. ಒಂದು ಗೂಡ್ಸ್ ಗಾಡಿ ಮುಗಿಯದಷ್ಟು ಉದ್ದಕ್ಕೆ ಹಾದುಹೋಯಿತು.

ಕರೆಂಟು ಬರುವ ತನಕ ಸಿರಪ್ಪಿನ ಬಾಟಲಿ ನಮ್ಮಲ್ಲೇ ಇತ್ತು. ಹೊತ್ತು ಹೊತ್ತಿಗೆ ಅಮ್ಮಾರು ಬರುವರು, ಇಲ್ಲವೇ ಅವರ ಮಗಳು ಮಗುವನ್ನೇ ಎತ್ತಿಕೊಂಡು ಬರುವಳು. ಮಗಳು ಹೊಸ್ತಿಲಲ್ಲಿ ನಿಲ್ಲುವವಳಲ್ಲ. ನೇರ ಒಳಗೆ ಬಂದು, ಫ್ರಿಡ್ಜಿಗೆ ಒರಗಿ ಕೂತು, ಇಲ್ಲೇ ಚೂರು ತಂಪಾಗಿದೆ ಎಂದು ಮಗುವಿಗೆ ಔಷಧಿ ಕುಡಿಸುವಳು. ಅವಳ ಜೊತೆ ಮಾತಾಡುವಾಗಲೂ ನನ್ನ ಕಣ್ಣು ಒಲೆಯ ಮೇಲಿನ ಪಾತ್ರೆಯ ಮೇಲೆ, ಅದರ ಮುಚ್ಚಳ ಸರಿಯಾಗಿದೆಯೇ ಎಂದು. ಮಗುವಿನ ಜ್ವರ ಇಳಿಯಿತು. ಅಮ್ಮಾರಿಗೆ ಹೇಳಲು ನನ್ನಲ್ಲಿ ಒಂದು ಮಾತಿತ್ತು, ಆದರೆ ಅದು ಕ್ಷಮೆಯೋ ದೂರೋ ಎಂದು ನನಗೇ ತಿಳಿಯದೆ ಸುಮ್ಮನಾದೆ.

ಹೊಸ ಟೀಸಿ ಕೂತು ಬೆಳಕು ಬಂದ ದಿನ ಅವರು ಬಾಟಲಿ ಒಯ್ಯಲು ಬಂದರು. ಹಿತ್ತಲಲ್ಲಿ ಬಿಟ್ಟ ಹೀರೆಕಾಯಿ ತಂದಿದ್ದರು. ಅವ್ವ ಕೊಟ್ಟ ಚಾಪೆಯ ಮೇಲೆ ಈ ಸಲ ಕೂತರು. ಹಲಗೆ ಮಳೆಗಾಲದಲ್ಲಿ ಕೆಲಸ ಮಾಡುತ್ತದೆಯೇ, ಮಂಗಗಳು ಕುಣಿದರೆ ಒಡೆಯುವುದಿಲ್ಲವೇ ಎಂದೆಲ್ಲ ಅಪ್ಪನನ್ನು ಕೇಳಿದರು. ಮೋಡ ಕವಿದ ದಿನಗಳಲ್ಲಿ ಮುಚ್ಚಳ ಕಡಿಮೆ ತೆಗೆಯಬೇಕು, ಅಷ್ಟೇ ಎಂದು ಅಪ್ಪ ಹೇಳಿದರು. ಅಮ್ಮಾರು ಹೋದ ಮೇಲೆ ನಾನು ಕಿಟಕಿಯಲ್ಲಿ ನಿಂತಿದ್ದೆ. ಅವರು ಹಿತ್ತಲಿಗೆ ಹೋಗಿ, ಒಗೆಯುವ ಕಲ್ಲಿನ ಮೇಲೆ ಬಾಟಲಿ ಇಟ್ಟು, ಚೊಂಬಿನಿಂದ ನೀರು ಹಾಕಿದರು. ಬಾಟಲಿ ಅಂಟಾಗಿತ್ತೋ, ಹಳೆಯ ಅಭ್ಯಾಸವೋ, ಇನ್ನೇನೋ. ಅವರ ಕೈಯೂ ನನ್ನ ಕೈಯ ಹಾಗೆ ತಾನೇ ಮಾಡಿರಬಹುದು. ಅವ್ವನಿಗೆ ಹೇಳಲಿಲ್ಲ. ಅವಳು ಆಗಲೇ ಹೀರೆಕಾಯಿ ಹೆರೆಯುತ್ತ, ಎಳೆಯದೈತೆ, ಒಳ್ಳೆ ರುಚಿ ಎನ್ನುತ್ತಿದ್ದಳು.

ಮಳೆಗಾಲ ಮುಗಿದ ಮೇಲೆ ಮೇಷ್ಟ್ರ ಮನೆಯ ಮಾಳಿಗೆಯ ಮೇಲೂ ಹಲಗೆ ಬಂದವು. ಯಾವ ದಿಕ್ಕಿಗೆ ಹಾಕಿಸಬೇಕೆಂದು ಕೇಳಲು ಮೇಷ್ಟ್ರು ತಾವೇ ಬಂದು ಅಪ್ಪನನ್ನು ಕರೆದುಕೊಂಡು ಹೋದರು. ಅಪ್ಪ ಅಲ್ಲಿ ಚಹ ಕುಡಿದು ಬಂದರು. ಯಾವ ಲೋಟದಲ್ಲಿ ಕೊಟ್ಟರು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅವರ ಮುಖದಲ್ಲಿ ಸಂತೋಷವಿತ್ತು, ಅದನ್ನು ಕೆದಕುವ ಕೆಲಸ ನನಗೆ ಬೇಡವಾಗಿತ್ತು.

ಈಗ ಕರೆಂಟು ಹೋದರೆ ನಮ್ಮ ಪೆಟ್ಟಿಗೆಯಲ್ಲಿ ಯಾರ ಯಾರದ್ದೋ ಹೆಪ್ಪು, ಹೂವು, ಕಣ್ಣಿನ ಹನಿ ಬಂದು ಕೂರುತ್ತವೆ. ಅವ್ವ ಎಲ್ಲಕ್ಕೂ ಜಾಗ ಮಾಡಿಕೊಡುತ್ತಾಳೆ, ತನ್ನದನ್ನು ಒಂದು ಬೆರಳಷ್ಟೂ ಅಡಗಿಸುವುದಿಲ್ಲ. ಅವಳನ್ನು ನೋಡಿ ನಾನೂ ಕಲಿತೆ ಎಂದು ಬರೆಯಲು ಆಸೆ. ಆದರೆ ಹೋದ ವಾರ ಮೀಟರ್ ಓದುವವನು ಬಿಸಿಲಲ್ಲಿ ಬಂದು ತಣ್ಣೀರು ಕೇಳಿದ. ಯಾರೋ ಏನೋ, ಅವನ ಊರು ಮನೆ ಒಂದೂ ನನಗೆ ಗೊತ್ತಿಲ್ಲ. ಬಾಟಲಿ ತೆಗೆಯಲು ಮುಚ್ಚಳ ಎತ್ತಿದಾಗ, ಒಳಗಿರುವುದು ಅವನಿಗೆ ಕಾಣದ ಹಾಗೆ ನನ್ನ ಮೈ ಅಡ್ಡ ನಿಂತಿತ್ತು. ಒಳಗೆ ಇದ್ದದ್ದು ಮೊಸರು, ಅಪ್ಪನ ಸೀಸೆ, ಒಂದು ಕಟ್ಟು ಕೊತ್ತಂಬರಿ. ಅವನು ಗಟಗಟ ಕುಡಿದು, ಚೆನ್ನಾಗಿ ತಣ್ಣಗಿದೆ ಅಕ್ಕ ಎಂದು ಹೇಳಿ ಹೋದ. ನಾನು ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದೆ.